ಹಗ್ಗದ ಆ ತುದಿಯಲ್ಲಿ

ಎರಡು ವರ್ಷದ ಹಿಂದಿನ ಮಾತು. ಐನಾಪುರದ ನಮ್ಮ ಹೊಲದಲ್ಲಿ ದ್ರಾಕ್ಷಿ ಹಣ್ಣಾಗುತ್ತಿದ್ದ ಹಂಗಾಮು. ನಾನು ಅಥಣಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಗಳಲ್ಲಿ ಸದ್ದಿಗೆ ಏನು ಕೆಲಸ ಎಂಬ ಬಗ್ಗೆ ಸೆಮಿನಾರಿನಲ್ಲಿ ಮಾತಾಡುವುದಿತ್ತು. ಆ ಕಾಲದ ದೊಡ್ಡ ಮನೆಗಳಲ್ಲಿ ಆಳುಗಳನ್ನು ಕರೆಯಲು ಕೋಣೆಯಿಂದ ಕೋಣೆಗೆ ತಂತಿ ಎಳೆದು ಗಂಟೆ ಕಟ್ಟುತ್ತಿದ್ದರಂತೆ. ಕಥೆಗಳಲ್ಲಿ ಯಾರೂ ಇಲ್ಲದ ಕೋಣೆಯಿಂದಲೇ ಗಂಟೆ ಬಾರಿಸುತ್ತದೆ. ಓದುವವರ ಎದೆ ಝಲ್ಲೆನ್ನುವುದು ಅಲ್ಲೇ. "ದೆವ್ವದ ಕಥಿ ಓದಿ ಪಗಾರ ತಗೋತಿ ನೋಡು" ಎಂದು ಯಜಮಾನರು ಚುಡಾಯಿಸುತ್ತಿದ್ದರು.

ಹೊಲದಲ್ಲೇ ಇರುವ ನಮ್ಮ ಮನೆಯಲ್ಲೂ ಅಂಥದ್ದೇ ಒಂದು ಹಗ್ಗವಿತ್ತು. ಹಕ್ಕಿ ಓಡಿಸಲೆಂದು ಮಾವನವರು ದ್ರಾಕ್ಷಿ ತೋಟದ, ನಮ್ಮ ಕಡೆಯ ಮಾತಿನಲ್ಲಿ ಪಡದ, ಉದ್ದಕ್ಕೂ ಹಗ್ಗ ಎಳೆದು ಖಾಲಿ ಡಬ್ಬಿಗಳನ್ನು ಕಟ್ಟಿದ್ದರು. ಒಂದು ತುದಿ ಪಡಸಾಲೆಯ ಕಂಬಕ್ಕೆ, ಇನ್ನೊಂದು ಕೃಷಿ ಹೊಂಡದ ದಂಡೆಯ ಗೂಟಕ್ಕೆ. ಅವರು ಕುರ್ಚಿಯಲ್ಲಿ ಕೂತು ಎರಡು ಸಲ ಜಗ್ಗಿ, ಬಿಟ್ಟು, ಮತ್ತೆ ಎರಡು ಸಲ ಜಗ್ಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅವತ್ತು ಮಧ್ಯಾಹ್ನ ಯಜಮಾನರು ಹಣ್ಣಿನ ಪೆಟ್ಟಿಗೆ ತರಲು ಮಿರಜಕ್ಕೆ ಹೋಗಿದ್ದರು. ಅತ್ತೆ ಪಡದ ಕಡೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಓದುತ್ತಾ ಕೂತಿದ್ದೆ. ಗಾಳಿಯೆಂಬುದಿಲ್ಲ, ಒಂದೆಲೆ ಅಲುಗುತ್ತಿಲ್ಲ. ಡಬ್ಬಿ ಸದ್ದಾಯಿತು. ಎರಡು ಸಲ. ನಿಂತಿತು. ಮತ್ತೆ ಎರಡು ಸಲ.

ತಲೆ ಎತ್ತಿ ನೋಡಿದರೆ ಕಂಬದ ಹಗ್ಗ ತಾನಾಗಿ ಬಿಗಿಯಾಗುತ್ತಿದೆ, ಸಡಿಲಾಗುತ್ತಿದೆ. ಮಾವನವರ ಖಾಲಿ ಕುರ್ಚಿಯ ಕಡೆ ನೋಡಲೂ ಧೈರ್ಯವಾಗಲಿಲ್ಲ. ಸದ್ದು ನಿಂತರೆ ಸಾಕೆಂದು ಹಗ್ಗ ಹಿಡಿದು ಜಗ್ಗಿದೆ. ಆ ಕಡೆಯಿಂದ ಯಾರೋ ತಿರುಗಿ ಜಗ್ಗಿದರು!

"ಯಾರ್ರಿ ಅದು?" ಎಂದು ಕೂಗಿದೆ. ಉತ್ತರವಿಲ್ಲ. "ಅತ್ತೀ!" ಎಂದು ಚೀರಿದೆ. ಅದಕ್ಕೂ ಉತ್ತರವಿಲ್ಲ. ಒಂದೇ ಕೂಗಿಗೆ ಓಗೊಡುವ ಅತ್ತೆ ಸುಮ್ಮನಿದ್ದಾರೆಂದರೆ! ದೆವ್ವದ ಹೆದರಿಕೆ ಎಲ್ಲಿ ಹೋಯಿತೋ, ಹಗ್ಗದ ಗುಂಟ ಓಡಿದೆ.

ಅತ್ತೆ ಹೊಂಡದಲ್ಲಿದ್ದರು. ಗಂಟಲವರೆಗೆ ನೀರು. ಕೈ ತೊಳೆಯಲು ಬಗ್ಗಿದವರು ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದ್ದರು. ಅದರ ಮೇಲೆ ಕಾಲು ನಿಲ್ಲುವುದೇ ಇಲ್ಲ. ಜಾರುವಾಗ ಹಿಡಿದ ಗೂಟ ಕಿತ್ತು ಬಂದಿತ್ತು. ಅದಕ್ಕೆ ಕಟ್ಟಿದ ಹಗ್ಗವೊಂದೇ ಕೈಯಲ್ಲಿತ್ತು.

ನನ್ನ ಚೀರಾಟ ಕೇಳಿ, ಪಕ್ಕದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಮಾಯಪ್ಪಣ್ಣ ಓಡಿ ಬಂದ. "ಅಕ್ಕೋರ, ಇಳೀಬ್ಯಾಡ್ರಿ! ನೀವೂ ಹೋಗ್ತೀರಿ!" ಎಂದು ಗದರಿಸಿ, ಹೆಗಲ ಕಂಬಳಿಯ ಒಂದು ತುದಿ ಹಿಡಿದು ಇನ್ನೊಂದನ್ನು ನೀರಿಗೆ ಎಸೆದ. ಅತ್ತೆ ಅದನ್ನು ಹಿಡಿದರು. ಇಬ್ಬರೂ ಸೇರಿ ದಂಡೆಗೆ ಎಳೆದುಕೊಂಡೆವು.

ಸಂಜೆ ಚಹಾ ಕುಡಿದ ಮೇಲೆ ಅತ್ತೆಗೆ ಸ್ವಲ್ಪ ದನಿ ಬಂತು.

"ಹೊಂಡದಾಗ ಒದರಿದ್ದು ಮ್ಯಾಲ ಕೇಳಲಿಲ್ಲ, ಒದರಿ ಒದರಿ ಗಂಟಲ ಕಟ್ತು. ನೀ ಕೇಳತಿ ಅಂತ ಹಗ್ಗ ಜಗ್ಗಿದೆ. ನಿಮ್ಮ ಮಾವಾರು ಜಗ್ಗೂದು ನೋಡಿ ನೋಡಿ ನನ್ನ ಕೈಗೂ ಅದ ಬಂದೈತಿ."

"ನಾ ತಿರುಗಿ ಜಗ್ಗಿದ್ದು ಗೊತ್ತಾತೇನ್ರಿ?" ಎಂದು ಕೇಳಿದೆ.

"ಗೊತ್ತಾತು. ಆದ್ರ ನೀ ಅಂತ ತಿಳೀಲಿಲ್ಲ. ನಿಮ್ಮ ಮಾವಾರು ಕುರ್ಚಿ ಮ್ಯಾಲೆ ಕುಂತು ನನ್ನ ಕರ್ಯಾಕತ್ತಾರ ಅಂದ್ಕೊಂಡೆ. ಹೋಗೂಣು ಅಂತ ಕೈ ಬಿಡಾಕ ಹೊಂಟಿದ್ದೆ. ಅಷ್ಟರಾಗ ನೀ 'ಅತ್ತೀ' ಅಂದಿ."

ಇಬ್ಬರೂ ಜೀವಂತ ಇದ್ದೆವು, ಇಬ್ಬರೂ ಆ ಕಡೆ ಸತ್ತವರಿದ್ದಾರೆಂದು ತಿಳಿದಿದ್ದೆವು.

ಸೆಮಿನಾರಿನಲ್ಲಿ ಸದ್ದಿನ ಬಗ್ಗೆ ಬೇಕಾದಷ್ಟು ಮಾತಾಡಿ ಬಂದೆ. ಇದನ್ನು ಮಾತ್ರ ಹೇಳಲಾಗಲಿಲ್ಲ. ಈಗಲೂ ಮನೆಯಲ್ಲಿ ಸದ್ದಿಲ್ಲದಾಗ ಸುಮ್ಮಸುಮ್ಮನೆ "ಅತ್ತೀ" ಎಂದು ಕೂಗುತ್ತೇನೆ. "ಇಲ್ಲೇ ಅದೀನಲ್ಲ, ಯಾಕ ಒದರತಿ?" ಎಂದು ಅವರು ಬೈಯುವವರೆಗೆ ನನಗೆ ಸಮಾಧಾನವಿಲ್ಲ.