ಕಾಗದದ ಪಂಚೆ ಮತ್ತು ದಾಕ್ಷಾಯಣಮ್ಮ ಮೇಡಂ

ಹುಲುಗಪ್ಪನನ್ನು ಮಣ್ಣು ಮಾಡಿ, ಬಂದ ನೆಂಟರೆಲ್ಲ ತಿರುಗಿ ಹೋದ ಮೇಲಿನ ಮೊದಲ ಬೆಳಗು. ಕುರುಗೋಡಿನ ಆ ಮನೆಯಲ್ಲಿ ಹಾಲು ಒಲೆಗೇರಿತು, ಅಂಗಳಕ್ಕೆ ನೀರು ಬಿತ್ತು, ಬಳ್ಳಾರಿಯ ಬಸ್ಸು ಎಂದಿನಂತೆ ಹಾರ್ನ್ ಹೊಡೆದು ನಿಂತಿತು. ಇಳಿದು ಬಂದವರು ದಾಕ್ಷಾಯಣಮ್ಮ ಮೇಡಂ. ಹುಲುಗಪ್ಪನ ಹೆಂಡತಿ ಅಂಬಮ್ಮ ಅವರಿಗೆ ಚಾಪೆ ಹಾಸಿದಳು. ಆಗ ಅವಳು ಬಸುರಿ. ಅಂಬಮ್ಮ ಎಂದರೆ ಇದನ್ನು ಬರೆಯುತ್ತಿರುವವಳೇ. ಆ ದಿನಗಳನ್ನು ‘ನಾನು’ ಎಂದು ಬರೆಯಲು ಇನ್ನೂ ಆಗುತ್ತಿಲ್ಲ.

ಬಳ್ಳಾರಿ ಸೀಮೆಯ ಶಾಲೆಗಳಲ್ಲಿ ಇಂದು ಪಾಠ ಹೇಳುತ್ತಿರುವ ಎಷ್ಟೋ ಮಂದಿ ದಾಕ್ಷಾಯಣಮ್ಮನವರ ಕೈಯಲ್ಲಿ ಪಳಗಿದವರು. ಅರವತ್ತರ ದಶಕದ ಮೊದಲಲ್ಲಿ ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ಸಹಶಿಕ್ಷಕಿಯಾಗಿ ಸೇವೆಗೆ ಸೇರಿ, ಮುಂದೆ ಬಳ್ಳಾರಿಯ ಶಿಕ್ಷಕರ ತರಬೇತಿ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದು, ಎಲ್ಲರೂ ಒಲ್ಲೆವೆಂದು ಬಿಟ್ಟಿದ್ದ ಆರೋಗ್ಯ ಶಿಕ್ಷಣದ ಪಾಠವನ್ನು ತಾವಾಗಿ ಕೇಳಿ ಪಡೆದು, ಈ ವರ್ಷ ನಿವೃತ್ತರಾಗುವವರೆಗೂ ಅದನ್ನು ಬಿಡದೆ ಕಲಿಸಿದವರು ಅವರು.

ಹುಲುಗಪ್ಪ ಮೇಷ್ಟ್ರಾಗಲು ಓದುತ್ತಿದ್ದದ್ದು ಆ ಕಾಲೇಜಿನಲ್ಲೇ. ಅಲ್ಲಿ ಒಂದು ರೂಢಿ ಇತ್ತು. ಪಾಠಾಭ್ಯಾಸಕ್ಕೆ ಹಳ್ಳಿಯ ಶಾಲೆಗೆ ಹೊರಟ ಪ್ರಶಿಕ್ಷಣಾರ್ಥಿ ಮನುಷ್ಯದೇಹದ ಚಾರ್ಟನ್ನು ಎರವಲು ಪಡೆದ ಕೂಡಲೇ ಅದರ ಸೊಂಟದಿಂದ ಕೆಳಗೆ ಖಾಕಿ ಕಾಗದ ಅಂಟಿಸಿಬಿಡುತ್ತಿದ್ದ. ಇದಕ್ಕೆ ಅವರಿಟ್ಟ ಹೆಸರು ‘ಪಂಚೆ ಉಡಿಸೋದು’. ಅಂಟು ಕಲಸುವುದರಲ್ಲಿ ಹುಲುಗಪ್ಪನ ಸಹಪಾಠಿ ಸುಂಕಪ್ಪನದು ಎತ್ತಿದ ಕೈ.

“ಯಾಕಪ್ಪಾ, ಚಾರ್ಟಿಗೆ ಚಳಿ ಹತ್ತೈತೇನು?” ಎಂದು ಮೇಡಂ ಕೇಳಿದ್ದರಂತೆ.

“ಹಂಗಾ ತೋರ್ಸಿದ್ರ ಊರ ಮಂದಿ ಕಲ್ಲು ಒಗೀತಾರ್ರಿ ಮೇಡಂ!” ಎಂದನಂತೆ ಸುಂಕಪ್ಪ.

ಲೈಂಗಿಕ ರೋಗಗಳ ಪಾಠ ಬಂದಾಗ ಹೆಣ್ಣುಮಕ್ಕಳು ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದರು, ಗಂಡಸರು ಕೆಮ್ಮುತ್ತಿದ್ದರು. ಅದು ಬರೀ ಉಷ್ಣ, ಎಳನೀರು ಕುಡಿದರೆ ಹೋಗುತ್ತದೆ ಎಂದು ಒಬ್ಬ. ಕೆಟ್ಟವರಿಗೆ ಮಾತ್ರ ಬರುವುದು, ಮೇಷ್ಟ್ರಿಗೆ ಯಾಕೆ ಬರುತ್ತದೆ ಎಂದು ಇನ್ನೊಬ್ಬ. ನಾಳೆ ಮಕ್ಕಳ ಮುಂದೆ ನಿಲ್ಲುವವರ ಮಾತು ಇದು. ಒಂದು ದಿನ ಹುಲುಗಪ್ಪ ಎದ್ದು ನಿಂತು, ಯಾರೋ ಗೆಳೆಯನ ಮಾತೆಂಬಂತೆ ಕೇಳಿದನಂತೆ: “ನಮ್ ಗೆಣೆಕಾರ ಒಬ್ಬ ಅದಾನ್ರಿ. ಇದು ಗಂಡಗ ಬಂದ್ರ ಹೆಂಡ್ತಿಗೂ ಬರ್ತೈತೇನ್ರಿ?”

“ಲೇ ಹುಲುಗ, ಆ ಗೆಣೆಕಾರನ ಹೆಸರೂ ಹುಲುಗಪ್ಪನಾ?” ಎಂದು ಸುಂಕಪ್ಪ ಕೂಗಿದ. ತರಗತಿ ಗೊಳ್ಳೆಂದಿತು. ಮೇಡಂ ನಗಲಿಲ್ಲ. “ಬರ್ತೈತಿ. ಹೊಟ್ಟಿಯಾಗಿನ ಕೂಸಿಗೂ ಬರ್ತೈತಿ. ಸೂಜಿ ಮಾಡಿಸಿದ್ರ ಹೋಗ್ತೈತಿ. ಆ ಗೆಣೆಕಾರನ್ನ ನನ್ನ ಕಡೆ ಕರ್ಕೊಂಡ್ ಬಾ,” ಎಂದರು.

ಹುಲುಗಪ್ಪ ಬರಲಿಲ್ಲ. ಪಾಠಾಭ್ಯಾಸಕ್ಕೆಂದು ಸಿರುಗುಪ್ಪಕ್ಕೆ ಹೋದವನು, ಬಸ್ ನಿಲ್ದಾಣದ ಪಕ್ಕದ ಡೇರೆಯಲ್ಲಿ ‘ಗುಪ್ತರೋಗ’ ಎಂದು ಬೋರ್ಡು ಹಾಕಿಕೊಂಡವನ ಹತ್ತಿರ ಪಾದರಸದ ಮದ್ದು ತಿಂದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೂತ್ರಪಿಂಡಗಳು ಕೈಬಿಟ್ಟಿದ್ದವು.

“ನೋಡಾಕ ಹೋದಾಗ ನನಗ ಹೇಳಿದ, ಅಂಬವ್ವ. ‘ಅಕಿಗೆ ಹೇಳಾಕ ನನಗ ಬಾಯಿಲ್ಲ, ನೀವಾ ಹೇಳ್ರಿ’ ಅಂದ,” ಎಂದರು ಮೇಡಂ, ಆ ಬೆಳಗ್ಗೆ ಚಾಪೆಯ ಮೇಲೆ ಕೂತು. ರೋಗದ ಹೆಸರು ಹೇಳಿದರು: ಸಿಫಿಲಿಸ್. ಧಾರವಾಡದಲ್ಲಿ ಎಂ.ಎ. ಮಾಡಿದ್ದ ಅಂಬಮ್ಮ ಆ ಪದವನ್ನು ಓದಿದ್ದಳು. ತನ್ನ ಮನೆಯೊಳಗೆ ಕೇಳಿರಲಿಲ್ಲ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಳು ಬರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸೀದದ್ದು ಮೂಗಿಗೆ ಬಂದರೂ ಎದ್ದು ಇಳಿಸಬೇಕೆಂದು ತಿಳಿಯಲಿಲ್ಲ. ಇಳಿಸಿದವರು ಮೇಡಂ.

“ರಕ್ತ ತೋರಸ್ಬೇಕು, ತಂಗಿ. ಇವತ್ತಾ.”

ಅಷ್ಟರಲ್ಲಿ ಹಿತ್ತಲಿಂದ ಅತ್ತೆ ಗಾದೆಮ್ಮ ಬಂದಳು. ಸೂತಕದ ದಿನ ಮುಗಿಯುವ ತನಕ ಗಂಡ ಸತ್ತವಳು ಹೊಸ್ತಿಲು ದಾಟುವಂತಿಲ್ಲ ಎಂದಳು. ಮಗನ ರೋಗದ ವಿಷಯ ಆ ತಾಯಿಯ ಕಿವಿಗೆ ಹಾಕುವುದು ಮೇಡಂಗೆ ಬೇಡವಾಗಿತ್ತು. ಅವರ ಕಣ್ಣು ಮೂಲೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ್ದ ಚಾರ್ಟಿನ ಮೇಲೆ ಬಿತ್ತು.

“ಅಮ್ಮಾ, ಅದು ಸರಕಾರದ್ದು. ನಿಮ್ ಮಗ ಎರವಲು ತಂದಿದ್ದು. ಮನೆಯವ್ರಾ ಬಂದು ಕೊಡ್ಬೇಕು.”

ಸತ್ತ ಮಗನ ಮೇಲೆ ಋಣ ಉಳಿಯಬಾರದೆಂದು ಗಾದೆಮ್ಮ ಒಪ್ಪಿದಳು. ಬಳ್ಳಾರಿಯಲ್ಲಿ ರಕ್ತ ಪರೀಕ್ಷೆಯಾಯಿತು. ರೋಗ ಅಂಬಮ್ಮನಿಗೂ ತಗುಲಿತ್ತು. ಅಂದೇ ಪೆನಿಸಿಲಿನ್ ಸೂಜಿ ಶುರುವಾಯಿತು. ಚಾರ್ಟು ಕೊಡಹೋದರೆ ಮೇಡಂ ತೆಗೆದುಕೊಳ್ಳಲಿಲ್ಲ. “ಇರ್ಲಿ, ಮುಂದಿನ ವಾರ ಬರಾಕ ನೆಪ ಬೇಕಲ್ಲ!”

ಹೀಗೆ ಆ ಚಾರ್ಟು ವಾರವಾರವೂ ಬಸ್ಸು ಹತ್ತಿ ಹೋಗಿ, ಬಸ್ಸು ಹತ್ತಿ ಬಂತು. “ಅದ್ಯಾವ ಸೀಮಿ ಚಾರ್ಟವ್ವಾ, ಎಷ್ಟು ಸಲ ಕೊಟ್ರೂ ತಿರುಗಿ ಬರ್ತೈತಿ!” ಎಂದಳು ಗಾದೆಮ್ಮ. ಮುಂದಿನ ವಾರ ಸೊಸೆ ಮರೆತು ಹೊರಟಾಗ ಅವಳೇ ಬಾಗಿಲಿಗೆ ಓಡಿಬಂದು ಅದನ್ನು ಕಂಕುಳಿಗೆ ಇಟ್ಟಳು. “ಇದನ್ನ ಬಿಟ್ ಹೋಗಬ್ಯಾಡ. ಕೂಸು ನೆಟ್ಟಗ ಬರ್ಲಿ,” ಎಂದಳು, ಮುಖ ನೋಡದೆ.

ಕೂಸು ನೆಟ್ಟಗೇ ಬಂತು. ಈ ವರ್ಷ ಶಾಲೆಗೆ ಸೇರಿದ್ದಾಳೆ. ಮೇಡಂ ನಿವೃತ್ತರಾದರೂ ಬಳ್ಳಾರಿಯ ಬಸ್ಸು ಅವರನ್ನು ಇನ್ನೂ ಎಷ್ಟೋ ಬಾಗಿಲುಗಳಲ್ಲಿ ಇಳಿಸಬೇಕಾಗಿದೆ. ಅಷ್ಟು ಆಯುಸ್ಸು, ಅಷ್ಟು ಕಾಲುಬಲ ಅವರಿಗಿರಲಿ.

ಕೂಸು ಹುಟ್ಟುವ ಮೊದಲು, ಕೊನೆಯ ಸೂಜಿಯ ಹಿಂದಿನ ದಿನ ಅಂಬಮ್ಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಚಾರ್ಟಿಗೆ ಉಡಿಸಿದ್ದ ಆ ಖಾಕಿ ಕಾಗದವನ್ನು ನೆನೆಸಿ ನೆನೆಸಿ ಕಿತ್ತಳು. ಬಣ್ಣವೂ ಅಲ್ಲಲ್ಲಿ ಎದ್ದು ಬಂತು. ಮರುದಿನ ಅವಳು ಕಾಲೇಜಿಗೆ ಹೋದಾಗ ಮೇಡಂ ಪಾಠ ಮಾಡುತ್ತಿದ್ದರು. ಹುಲುಗಪ್ಪ ಕೂರುತ್ತಿದ್ದ ಬೆಂಚಿನಲ್ಲಿ ಸುಂಕಪ್ಪ ಒಬ್ಬನೇ ಇದ್ದ. ಅಂಬಮ್ಮ ಮೇಡಂ ಕಡೆ ನೋಡಿದಳು. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವಳು ಸುರುಳಿ ಬಿಚ್ಚಿ, ಚಾರ್ಟನ್ನು ಎಲ್ಲರೆದುರು ಗೋಡೆಯ ಮೊಳೆಗೆ ತೂಗುಹಾಕಿದಳು.

“ಅವ್ರು ತಂದಿದ್ದು, ಮೇಡಂ,” ಎಂದಳು. ಯಾರೂ ಕೆಮ್ಮಲಿಲ್ಲ.