ಮೆಮರಿ ಗುಡಿಸುವವರು

ಮಳವಳ್ಳಿ ಬಸ್ ನಿಲ್ದಾಣದ ಹತ್ತಿರ ಸೈಬರ್ ಸೆಂಟರ್ ಇಟ್ಟಿದ್ದ ಒಬ್ಬರಿದ್ದರು. ಪುಟ ತೆರೆಯುವುದು ಒಂದು ಗಳಿಗೆ ತಡವಾದರೂ ಸಾಕು, "ವಸಿ ತಡೀರಿ, ಕಸ ಗುಡಿಸ್ಬುಡ್ತೀನಿ" ಎಂದು ಕಂಪ್ಯೂಟರಿನ ಮೆಮರಿ ಖಾಲಿ ಮಾಡುವ ‘ಮೆಮರಿ ಕ್ಲೀನರ್’ ಗುಂಡಿ ಒತ್ತುತ್ತಿದ್ದರು. ಒಳಗೆ ಏನು ತುಂಬಿತ್ತೋ ಅವರಿಗೂ ಗೊತ್ತಿರಲಿಲ್ಲ. ಖಾಲಿ ಮಾಡಬೇಕೆಂಬುದಷ್ಟೇ ಗೊತ್ತಿತ್ತು. ಮೆಮರಿ ಎಷ್ಟು ತುಂಬಿದೆಯೆಂದು ತೋರಿಸುವ ಪರದೆಯ ಮೇಲಿನ ಮುಳ್ಳು ಕೆಂಪಿನಿಂದ ಹಸಿರಿಗೆ ಇಳಿಯುವಾಗ, ಅಳುವ ಮಗುವನ್ನು ಮಲಗಿಸಿದ ತಾಯಿಯ ನೆಮ್ಮದಿ ಅವರ ಮುಖದಲ್ಲಿ ಕಾಣುತ್ತಿತ್ತು. ಗುಡಿಸಿದ ಮೇಲೆ ಎಲ್ಲವೂ ಮೊದಲಿಗಿಂತ ನಿಧಾನವಾಗಿ ತೆರೆಯುತ್ತಿತ್ತು. ಅದಕ್ಕೆಂದು ಮತ್ತೆ ಗುಡಿಸುತ್ತಿದ್ದರು.

ನಾನು ಪಹಣಿ ತೆಗೆಸಲು ಕಾಯುತ್ತಿದ್ದ ಒಂದು ಮಧ್ಯಾಹ್ನ, ಪೂರಿಗಾಲಿಯ ಹೆಂಗಸೊಬ್ಬಳು ಅಂಗನವಾಡಿ ಕೆಲಸಕ್ಕೆ ಅರ್ಜಿ ತುಂಬಿಸುತ್ತಿದ್ದಳು. ಅದಕ್ಕೆ ಅಂದೇ ಕಡೆಯ ದಿನ. ಕೊನೆಯ ಪುಟ ಬರಲು ತಡವಾಯಿತು. ಇವರು ಒತ್ತಿಯೇ ಬಿಟ್ಟರು. ಕ್ಲೀನರ್ ಅರ್ಜಿಯ ಪುಟವನ್ನೂ ಕಸವೆಂದು ಎಣಿಸಿ ಮುಚ್ಚಿಹಾಕಿತು.

"ಅಣ್ಣೋ, ನಾನು ಬರೆಸಿದ್ದೆಲ್ಲ ಎಲ್ಲೋಯ್ತು?"

"ಮೆಮರಿ ನೋಡು ಕಣಮ್ಮ, ಎಷ್ಟು ಖಾಲಿಯಾಗೈತೆ!"

"ನಿನ್ ಮೆಮರಿ ಮನೆ ಹಾಳಾಗ! ಏಳು ಮೇಲಕ್ಕೆ."

ಅವರನ್ನು ಕುರ್ಚಿಯಿಂದ ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿ, ಆಕೆಯೇ ಮೌಸ್ ಹಿಡಿದಳು. ಅವರ ಕೈ ಹತ್ತಿರ ಬಂದಾಗಲೆಲ್ಲ ಬಳೆಗೈಯಿಂದ ಒಂದು ಏಟು ಕೊಟ್ಟಳು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಸಂಜೆಯ ಹೊತ್ತಿಗೆ ಅರ್ಜಿಯನ್ನು ಕಳಿಸಿಯೇಬಿಟ್ಟಳು.

ಇವರು ಎದೆಯುಬ್ಬಿಸಿ, "ನಾನು ಜಾಗ ಮಾಡ್ಕೊಟ್ಟಿದ್ದಕ್ಕೇ ಅರ್ಜಿ ಓಯ್ತು, ನೋಡ್ದೇನಮ್ಮ?" ಎಂದರು.

"ಊಂ ಕಣಣ್ಣ," ಎಂದಳು ಆಕೆ ಚಪ್ಪಲಿ ಮೆಟ್ಟುತ್ತ, "ನೀನು ಕೈ ಕಟ್ಕಂಡು ಕೂತಿದ್ದಕ್ಕೇ ಓಯ್ತು."