ಸಂಬಂಧದ ಕಾಲಂ

ಆ ಆಸ್ಪತ್ರೆಯ ಮೊದಲನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಮೇಜಿನ ಹಿಂದೆ ಕೂರುವವಳನ್ನು ಎಲ್ಲರೂ ರಿಜಿಸ್ಟರಮ್ಮ ಅಂತಲೇ ಕರೆಯುವುದು. ಇಪ್ಪತ್ತಾರು ವರ್ಷದಿಂದ ಅವಳ ಕೆಲಸ ಒಂದೇ. ಆಪರೇಷನ್ ಆದವರನ್ನು ನೋಡಲು ಬಂದವರ ಹೆಸರು ಬರೆದುಕೊಂಡು ಒಳಗೆ ಹೋಗುವ ಚೀಟಿ ಕೊಡುವುದು. ರೋಗಿಗೆ ಒಬ್ಬರೇ, ಅದೂ ಸಂಬಂಧಿಕರೇ ಆಗಿರಬೇಕು. ಏನು ಸಂಬಂಧ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಆ ಕಾಲಮಿನಲ್ಲಿ ಅವಳು ಇವತ್ತಿನವರೆಗೆ ಒಂದೇ ಒಂದು ಸುಳ್ಳು ಬರೆದವಳಲ್ಲ. ದೊಡ್ಡ ಡಾಕ್ಟರ ಭಾವಮೈದ ಬಂದಾಗಲೂ ಸಾಲಿನಲ್ಲಿ ನಿಲ್ಲಿ ಸ್ವಾಮಿ ಅಂದವಳು.

ಕಾಲೇಜಿನ ಮೆಟ್ಟಿಲು ಹತ್ತದಿದ್ದರೇನು, ಇಂಗ್ಲಿಷಿನ ಪ್ರೀತಿಯ ಮಾತುಗಳ ವಿಷಯದಲ್ಲಿ ಅವಳೆದುರು ಯಾವ ಪ್ರೊಫೆಸರೂ ನಿಲ್ಲಲಾರ. ಎಲ್ಲಾ ಕಣ್ಣಾರೆ ಕಂಡು ಕಲಿತದ್ದು. ಗರ್ಲ್‌ಫ್ರೆಂಡ್ ಅಂದರೆ ಹೂಗುಚ್ಛ ಹಿಡಿದು ಬಂದು, ಹುಡುಗನ ತಾಯಿಯನ್ನು ಕಂಡ ಕೂಡಲೇ ಕಂಬಿ ಕೀಳುವವಳು. ಫಿಯಾನ್ಸಿ ಅಂದರೆ ಅದೇ ತಾಯಿಯ ಜೊತೆಯಲ್ಲೇ ಬಂದು ಹಣ್ಣು ಹೆಚ್ಚಿಕೊಡುವವಳು. ಡಾರ್ಲಿಂಗ್ ಅನ್ನುವುದು ತಡಮಾಡಿದ ಗಂಡಂದಿರು ಫೋನಿನಲ್ಲಿ ಆಡುವ ಮಾತು, ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಸ್ವೀಟ್‌ಹಾರ್ಟ್ ಅನ್ನುವುದನ್ನು ಅವಳು ನೋಡಿದ್ದು ಗ್ರೀಟಿಂಗ್ ಕಾರ್ಡಿನ ಮೇಲೆ ಮಾತ್ರ. ಲವ್ ಅಂತ ಐಸ್‌ಕ್ರೀಮಿಗೂ ಹೇಳಬಹುದು, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಒಬ್ಬ ಮನುಷ್ಯನನ್ನು ಲವರ್ ಅಂದುನೋಡಿ, ವಾರ್ಡಿಗೆ ವಾರ್ಡೇ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆವತ್ತು ಬೆಳಗ್ಗೆ ಬಂದವಳು ಅರವತ್ತು ದಾಟಿದ ದರ್ಜಿ. ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು. ತೆಗೆದಿಡುವಷ್ಟೂ ಪುರುಸೊತ್ತಾಗಿರಲಿಲ್ಲ ಪಾಪ. ಅವಳ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರಿಗೆ ಹನ್ನೊಂದು ಗಂಟೆಗೆ ಹೊಟ್ಟೆಯ ಆಪರೇಷನ್. ಅವರಿಗೆ ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಎಚ್ಚರವಾಗುವಾಗ ತಾನು ಪಕ್ಕದಲ್ಲಿರಬೇಕು ಅಂತ ಅವಳ ಹಟ. ನೀವು ಅವರಿಗೆ ಏನಾಗಬೇಕು ಅಂತ ರಿಜಿಸ್ಟರಮ್ಮ ಕೇಳಿದ್ದೇ ತಡ, ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

ಫ್ರೆಂಡ್ ಅಂದರೆ ಒಳಗೆ ಬಿಡುವುದಿಲ್ಲ. ತಂಗಿಯೇ ಅಂತ ಕೇಳಿದಾಗ ದರ್ಜಿ ನೋಡಿದ ನೋಟಕ್ಕೆ ರಿಜಿಸ್ಟರಮ್ಮನೇ ತಲೆ ತಗ್ಗಿಸಿದಳು. ನಿಯಮ ಹಾಳಾಗಿ ಹೋಗಲಿ ಅಂದುಕೊಂಡು ದನಿ ತಗ್ಗಿಸಿದಳು.

“ವೈಫ್ ಅಂತ ಬರೆದುಬಿಡ್ತೀನಿ ಅಕ್ಕ. ಯಾರೂ ಕೇಳಲ್ಲ.”

“ಬೇಡಮ್ಮ. ಅವರ ಹೆಂಡತಿ ನನಗೂ ಬೇಕಾದವಳು. ಆ ಜಾಗ ಅವಳದ್ದೇ. ನನಗೆ ನಂದು ಬೇಕು.”

ರಿಜಿಸ್ಟರಮ್ಮ ತಾನು ಬಲ್ಲ ಮಾತುಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟಳು. ಗರ್ಲ್‌ಫ್ರೆಂಡ್ ಅಂದಾಗ ದರ್ಜಿಗೆ ಆ ಸಂಕಟದಲ್ಲೂ ನಗು ಬಂತು, ಮಂಡಿನೋವಿನ ಗರ್ಲ್‌ಫ್ರೆಂಡನ್ನು ಎಲ್ಲಾದರೂ ಕಂಡಿದ್ದೀಯಾ ಅಂದಳು. ಫಿಯಾನ್ಸಿ ಅನ್ನೋಣವೆಂದರೆ ಇಬ್ಬರಲ್ಲಿ ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ. ಲವರ್ ಅನ್ನಲು ರಿಜಿಸ್ಟರಮ್ಮನಿಗೇ ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಹತ್ತೂವರೆಯಾಯಿತು.

ಅವಳು ರಿಜಿಸ್ಟರ್ ಮುಚ್ಚಿ, ಮೇಜು ಬಿಟ್ಟು ಎದ್ದಳು. ಅವಳು ಹಾಗೆ ಎದ್ದುಹೋದದ್ದನ್ನು ಆ ಮಹಡಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಗಡಿಯಾರದವರನ್ನು ಆಗಲೇ ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಹೊರಗೆ ನಿಂತಿರುವ ದರ್ಜಿ ನಿಮಗೆ ಏನಾಗಬೇಕು ಅಂತ ನೇರವಾಗಿ ಕೇಳಿಯೇಬಿಟ್ಟಳು. ಅವರು ತಲೆ ಎತ್ತಿ ಬಾಗಿಲ ಕಡೆ ನೋಡಿದರು.

“ಅದೆಲ್ಲ ನಾವು ಮಾತಾಡಿಕೊಂಡಿಲ್ಲಮ್ಮ. ಕಣ್ಣು ಬಿಟ್ಟಾಗ ಅವಳು ಎದುರಿಗಿರಬೇಕು. ನನಗೆ ಗೊತ್ತಿರೋದು ಅಷ್ಟೇ.”

ರಿಜಿಸ್ಟರಮ್ಮ ವಾಪಸು ಬಂದು, ಇಂಗ್ಲಿಷನ್ನು ಅತ್ತ ಇಟ್ಟು, ತನ್ನ ಭಾಷೆಯಲ್ಲೇ ಬರೆದಳು: ಕಣ್ಣು ಬಿಟ್ಟಾಗ ಎದುರಿಗಿರಬೇಕಾದವಳು. ಎರಡು ಬೆರಳಗಲದ ಕಾಲಂ, ಮಾತು ಹೋಗಿ ವಿಳಾಸದ ಕಾಲಮನ್ನೂ ನುಂಗಿತು. ಹೆಡ್ ನರ್ಸ್ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ಇದ್ಯಾವ ಸಂಬಂಧ ಅಂದಳು. ಇದಕ್ಕಿಂತ ಹತ್ತಿರದ್ದು ಯಾವುದಿದೆ ತೋರಿಸು ಅಂತ ರಿಜಿಸ್ಟರಮ್ಮ ಗದರಿದಳು. ಚೀಟಿಗೆ ಸೀಲು ಬಿತ್ತು. ಇದು ಅವರದೇ ಮಾತು ಅಕ್ಕ ಅಂತ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದಳು. ದರ್ಜಿ ತನ್ನ ಸಂಬಂಧವನ್ನು ತಾನೇ ಓದಿಕೊಂಡು, ಕಣ್ಣೊರೆಸಿಕೊಂಡು ಸಹಿ ಹಾಕಿದಳು.

ಸಂಜೆ ಡ್ಯೂಟಿ ಮುಗಿದ ಮೇಲೆ ರಿಜಿಸ್ಟರಮ್ಮ ಮನೆಗೆ ಹೋಗಬೇಕಿತ್ತು, ಕಾಲು ಕೇಳಬೇಕಲ್ಲ. ವಾರ್ಡಿಗೆ ಹೋಗಿ ಬಾಗಿಲಲ್ಲಿ ನಿಂತಳು. ಗಡಿಯಾರದವರು ಆಗಷ್ಟೇ ಕಣ್ಣು ಬಿಟ್ಟಿದ್ದರು. ಎದುರಿಗಿದ್ದವಳನ್ನು ನೋಡಿ, ನಿನ್ನನ್ನು ಹೇಗೆ ಒಳಗೆ ಬಿಟ್ಟರು ಅಂತ ಒಣಗಿದ ದನಿಯಲ್ಲಿ ಕೇಳಿದರು. ನೀವು ಹೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆದಿದ್ದಾರೆ, ಹೆಡ್ ನರ್ಸೂ ಓದಿದರು ಅಂದಳು ದರ್ಜಿ. ಅವರಿಗೆ ನಾಚಿಕೆ ತಡೆಯಲಾಗಲಿಲ್ಲ. ಮತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡುಬಿಟ್ಟರು.

“ಕಣ್ಣು ಬಿಡಿ,” ಅಂದಳು ಅವಳು. “ನಾನು ಬಂದಿರೋದೇ ಅದಕ್ಕೆ.”